ಮೂವತ್ತೆರಡು ಕಂಡಿ

ನನ್ನ ಕಡೆ ಮಂಡ್ಯ, ಆಚೆ ಕಡೆ ಮೈಸೂರು.
ಎರಡು ಕಂಪನಿಗಳ ನಡುವಿನ ಗಡಿಯೆಂದರೆ
ಬೆರಳುದ್ದದ ಒಂದು ಕನೆಕ್ಟರು.
ಈಚೆಯ ಕಾವಲು ನಾನು,
ಆಚೆಯ ಕಾವಲು ನೀಲಾಂಬಿಕೆ.

ಹನ್ನೆರಡು ವರ್ಷ. ಮುಖ ನೋಡಿಲ್ಲ.
ನೋಡಿಲ್ಲ ಅನ್ನುವುದು ನೆನಪೂ ಆಗಿಲ್ಲ.
"ಮಂಚೇಗೌಡ್ರೇ, ನಿಮ್ಮಲ್ಲಿ ಕೆಂಪು ದೀಪವಾ?"
"ಇಲ್ಲ ಕಣಮ್ಮ, ನಿಮ್ಮದೇ. ಕೇಬಲ್ಲು ಅಲ್ಲಾಡ್ಸಿ ನೋಡಿ."

ಒಂದು ಮಾರ್ಚಿನಲ್ಲಿ ಬಿಲ್ಲು ತಾಳೆಯಾಗಲಿಲ್ಲ.
ಲಕ್ಷಾಂತರ ನಿಮಿಷಗಳಲ್ಲಿ ಹನ್ನೊಂದು ನಿಮಿಷ
ಅವರಲ್ಲಿ ಹೊರಟಿತ್ತು, ನಮ್ಮಲ್ಲಿ ಮುಟ್ಟಿರಲಿಲ್ಲ.
ಯಾರು ಯಾರೊಡನೆ ಆಡಿದ್ದೋ.
ಮೂರು ವಾರ ಜಗಳವಾಡಿದೆವು.
ಕೊನೆಗೆ ಆಕೆಯೇ, "ಐದೂವರೆ ನಿಮ್ದು, ಐದೂವರೆ ನಮ್ದು
ಅಂತ ಬರ್ಕೊಳ್ಳಿ" ಅಂದಳು,
ಮನೆ ಪಾಲಾದಾಗ ಗಡಿಯಲ್ಲುಳಿದ ತೆಂಗಿನಮರದ ಹಾಗೆ.

ನಮ್ಮಪ್ಪ ನೀರುಗಂಟಿ.
ನಾಲೆಯ ಕಂಡಿ ತೆಗೆಯುತ್ತಿದ್ದ, ಮುಚ್ಚುತ್ತಿದ್ದ.
ಗದ್ದೆಯವನು ನಿದ್ದೆಯಲ್ಲಿರಲಿ, ತಿಥಿಯೂಟಕ್ಕೆ ಹೋಗಿರಲಿ,
ಅವನ ಸರದಿ ಅವನದೇ.
ಬಿತ್ತದ ಗದ್ದೆಗೂ ನೀರು ಹೋಗಿ
ಸ್ವಲ್ಪ ಹೊತ್ತು ಕೂತು ಬರುತ್ತಿತ್ತು.

ನನ್ನ ತಂತಿಯೂ ಹಾಗೇ:
ಮೂವತ್ತೆರಡು ಕಂಡಿ, ಸೆಕೆಂಡಿಗೆ ಎಂಟು ಸಾವಿರ ಸರದಿ.
ಮೊದಲನೆಯದು ತಾಳಕ್ಕೆ,
ನಡುವಿನದೊಂದು ಕರೆ ಬಂತು ಹೋಯಿತೆಂಬ ಸುದ್ದಿಗೆ,
ಮಿಕ್ಕ ಮೂವತ್ತು ಜನರ ಮಾತಿಗೆ.
ಮಾತಾಡದಿದ್ದರೂ ಕಂಡಿ ಮುಚ್ಚುತ್ತಿರಲಿಲ್ಲ.
ಯಾರಾದರೂ ಮುನಿಸಿಕೊಂಡು ಸುಮ್ಮನಾದರೆ
ಆ ಸುಮ್ಮನೂ ಪೂರ್ತಿ ಟಿಕೆಟ್ಟು ಕೊಟ್ಟು
ಪಾಂಡವಪುರ ದಾಟಿ, ಶ್ರೀರಂಗಪಟ್ಟಣ ದಾಟಿ
ಮೈಸೂರು ಮುಟ್ಟುತ್ತಿತ್ತು,
ಒಳಗೆ ಉಸಿರು, ಹಿಂದೆಲ್ಲೋ ಒಗ್ಗರಣೆ,
ಪಕ್ಕದ ಕೋಣೆಯ ಕೆಮ್ಮು.

ಈಗ ಐಪಿ.
ಮಾತನ್ನು ಕಬ್ಬಿನ ಜಲ್ಲೆಯಂತೆ ಕಡಿದು
ತುಂಡಿಗೊಂದು ವಿಳಾಸ ಅಂಟಿಸಿ ಬಿಡುವುದು.
ಹಿಂದಿನದು ಮುಂದಾಗಿ ಬಂದರೆ
ಕ್ಷಣ ನಿಲ್ಲಿಸಿ ಸಾಲಿಗೆ ಸೇರಿಸುತ್ತಾರೆ.
ತೀರಾ ತಡವಾದದ್ದನ್ನು ಎಸೆಯುತ್ತಾರೆ.
ಸರದಿ ಇಲ್ಲ.
ತಪ್ಪೆಂದು ಹೇಳಲಾರೆ: ಕೂದಲಿನಂಥ ಒಂದೆಳೆಯಲ್ಲಿ
ಇಡೀ ಜಿಲ್ಲೆ ಹಿಡಿಸುತ್ತದೆ, ಅದೂ ಅಗ್ಗಕ್ಕೆ.

ಶನಿವಾರ ರಾತ್ರಿ ಒಂದೂಕಾಲು.
ಒಂದೊಂದೇ ಕಂಡಿ ಮುಚ್ಚಿದೆವು,
ಒಳಗಿದ್ದವರು ಮಾತು ಮುಗಿಸಲೆಂದು ಕಾದು.
ಇಪ್ಪತ್ತೊಂದನೆಯದರಲ್ಲಿ ಯಾರೋ
ನಲವತ್ತು ನಿಮಿಷ ಬಿಡಲಿಲ್ಲ.
ಕದ್ದು ಕೇಳುವ ಹಾಗಿಲ್ಲ, ದೀಪವಷ್ಟೇ ಕಾಣುತ್ತಿತ್ತು.
"ಪ್ರೀತಿ ಮಾಡ್ತಿರೋರು" ಅಂದಳು ಆಕೆ.
"ಆಸ್ತಿ ವಿಚಾರ" ಅಂದೆ ನಾನು.
ದೀಪ ಆರಿತು. ಯಾರು ಗೆದ್ದೆವೋ.

ಆಮೇಲೆ ಹೊಸ ದಾರಿಯ ಮೊದಲ ಕರೆ.
ಒಂದು, ಎರಡು, ಮೂರು, ಹತ್ತರತನಕ ಎಣಿಸಿದಳು.
ತೊಳೆದ ಗಾಜಿನಷ್ಟು ಸ್ವಚ್ಛ.
ಎಣಿಸಿ ಸುಮ್ಮನಾದಳು.

ಕಿವಿಯಲ್ಲಿ ಸಣ್ಣಗೆ ಸುಂಯ್ಯೆಂದಿತು.
ಅದು ಬನ್ನಿಮಂಟಪದ ಆ ಕೋಣೆಯ ಫ್ಯಾನಿನದಲ್ಲ.
ಕಸುಬು ನನ್ನದು, ಗೊತ್ತಿತ್ತು:
ಮೌನವನ್ನು ಈಗ ಯಾರೂ ಕಳಿಸುವುದಿಲ್ಲ, ದಂಡದ ಖರ್ಚು.
ಕೇಳುವವನು ಗಾಬರಿಯಾಗದಿರಲೆಂದು
ನನ್ನ ಕಡೆಯ ಯಂತ್ರವೇ ಇಲ್ಲೇ ಒಂದಿಷ್ಟು ಸದ್ದು ಕಲಸಿ
ಕಿವಿಗೆ ಬಡಿಸುತ್ತದೆ.

"ಇದೀರಾ?"
ಹನ್ನೆರಡು ವರ್ಷದಲ್ಲಿ ಮೊದಲ ಸಲ ಕೇಳಿದೆ.
"ಇಲ್ಲೇ ಇದೀನಲ್ಲ, ಯಾಕೆ?"
"ಏನಿಲ್ಲ. ನಿಮ್ಮ ಫ್ಯಾನು ಕೇಳಿಸ್ಲಿಲ್ಲ."
"ತಿರುಗ್ತಾ ಇದೆ" ಅಂದಳು.
ಮತ್ತೆ ಸುಂಯ್.

ಸೋಮವಾರ ಗುತ್ತಲಿನಿಂದ ಗುಜರಿಯ ಇಲಿಯಾಜ್ ಬಂದ.
ಹಳೆಯ ಕೇಬಲ್ಲು ಸುರುಳಿ ಸುತ್ತಿ ತಕ್ಕಡಿಗೆ ನೇತುಹಾಕಿದ.
ನಲವತ್ತೊಂದು ಕೆಜಿ.
"ಒಳಗಡೆ ಏನೂ ಇಲ್ಲ ತಾನೇ ಸಾ?"
"ಐದೂವರೆ ನಿಮಿಷ ಇರಬೈದು" ಅಂದೆ.
ಅವನು ಮುಳ್ಳನ್ನು ಇನ್ನೊಮ್ಮೆ ನೋಡಿದ.